ಒಂದೇ ಕೇಬಲ್, ಎರಡು ಕಾಲದ ನಿಯಮ

ಈ ಕಂತು ಒಂದು ವಾರ ತಡವಾಯ್ತು, ಕ್ಷಮಿಸಿ. ತಪ್ಪು ನಮ್ಮ ರೆಕಾರ್ಡಿಂಗ್ ರೂಮಿನ ನೆಟ್‌ವರ್ಕ್ ಕೇಬಲ್ಲಿನದ್ದು. ಆದರೆ ಆ ತಪ್ಪಿನ ಬೇರು ಹುಡುಕ್ತಾ ಹೋದ್ರೆ 1973ಕ್ಕೆ ಹೋಗಿ ನಿಲ್ಲುತ್ತೆ.

ಆಗಿದ್ದಿಷ್ಟು. ವೈಫೈ ಅಲ್ಲ, ಕೇಬಲ್ ಕನೆಕ್ಷನ್. ಕಂಪ್ಯೂಟರ್ 100 ಎಂಬಿಪಿಎಸ್ ಅಂತಾನೇ ತೋರಿಸ್ತಿತ್ತು. ಪಿಂಗ್ ಹಾಕಿದ್ರೆ ಉತ್ತರ ಬರ್ತಿತ್ತು, ಸಣ್ಣ ಪುಟಗಳು ತೆರೀತಿದ್ವು. ಆದ್ರೆ ಅತಿಥಿ ಜೊತೆ ವಿಡಿಯೋ ಕಾಲ್‌ನಲ್ಲಿದ್ದಾಗ ಫೈಲ್ ಅಪ್‌ಲೋಡ್‌ಗೆ ಹಾಕಿದ್ರೆ ಎರಡೂ ನೆಲ ಕಚ್ಚುತ್ತಿದ್ದವು. ನಾನು ಇಂಟರ್ನೆಟ್ ಕಂಪನಿಗೆ ಮೂರು ಸಲ ಫೋನ್ ಮಾಡಿ ಕೂಗಾಡಿದೆ.

ಈಗ ಕ್ಯಾಲಿಫೋರ್ನಿಯಾಗೆ ಹೋಗೋಣ. ಪಾಲೊ ಆಲ್ಟೊದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ 1973ರ ಮೇ 22ರಂದು ರಾಬರ್ಟ್ ಮೆಟ್ಕಾಫ್ ಒಂದು ಟಿಪ್ಪಣಿ ಬರೆದರು. ಈಥರ್ನೆಟ್ ಹುಟ್ಟಿದ್ದು ಅಲ್ಲಿಂದ. ಡೇವಿಡ್ ಬಾಗ್ಸ್ ಜೊತೆ ಸೇರಿ ಅವರು ಕಟ್ಟಿದ ಜಾಲದ ವೇಗ 2.94 ಎಂಬಿಪಿಎಸ್. ಹವಾಯಿ ದ್ವೀಪಗಳನ್ನು ರೇಡಿಯೋದಲ್ಲಿ ಜೋಡಿಸಿದ್ದ ಅಲೋಹಾನೆಟ್ ಅವರಿಗೆ ಸ್ಫೂರ್ತಿ.

ಇದ್ದದ್ದು ಒಂದೇ ಕೇಬಲ್, ಹಂಚಿಕೊಳ್ಳೋರು ಹಲವರು. ಹಾಗಾಗಿ ನಿಯಮ ಏನಂದ್ರೆ: ಮೊದಲು ಕೇಳಿಸ್ಕೋ, ಯಾರೂ ಮಾತಾಡ್ತಿಲ್ಲ ಅಂದ್ರೆ ಮಾತಾಡು. ಇಬ್ಬರೂ ಒಟ್ಟಿಗೆ ಬಾಯಿ ತೆಗೆದ್ರೆ ಇಬ್ಬರೂ ನಿಲ್ಲಿಸಿ, ಮನಸ್ಸಿಗೆ ಬಂದಷ್ಟು ಹೊತ್ತು ಕಾದು, ಮತ್ತೆ ಶುರು ಮಾಡಿ. ಟಿವಿ ಚರ್ಚೆಗಳಿಗೂ ಈ ನಿಯಮ ಬಂದಿದ್ರೆ ಎಷ್ಟು ಚೆನ್ನಾಗಿರ್ತಿತ್ತು, ಅಲ್ವಾ?

1990ರ ದಶಕದಲ್ಲಿ ಸ್ವಿಚ್‌ಗಳು ಬಂದವು. ಪ್ರತಿ ಕಂಪ್ಯೂಟರಿಗೂ ಅದರದ್ದೇ ಕೇಬಲ್, ಅದರೊಳಗೆ ಕಳಿಸೋಕೆ ಒಂದು ಜೋಡಿ ತಂತಿ, ಪಡೆಯೋಕೆ ಇನ್ನೊಂದು. ಇಬ್ಬರೂ ಒಟ್ಟಿಗೆ ಮಾತಾಡಬಹುದು. ಅದೇ ಫುಲ್ ಡ್ಯೂಪ್ಲೆಕ್ಸ್. ಹಳೆಯ ಸರದಿ ಪದ್ಧತಿ ಹಾಫ್ ಡ್ಯೂಪ್ಲೆಕ್ಸ್. ಯಾವುದು ಬೇಕು ಅಂತ ಎರಡೂ ತುದಿಗಳು ತಾವೇ ಮಾತಾಡಿ ಒಪ್ಪಿಕೊಳ್ಳೋ ಆಟೋ ನೆಗೋಸಿಯೇಶನ್ 1995ರ ಫಾಸ್ಟ್ ಈಥರ್ನೆಟ್ ಮಾನಕದ ಜೊತೆ ಬಂತು. ಶುರುವಿನ ಉಪಕರಣಗಳಲ್ಲಿ ಈ ಮಾತುಕತೆ ಆಗಾಗ ಕೆಡ್ತಿತ್ತು. ಹಾಗಾಗಿ ಎಂಜಿನಿಯರ್‌ಗಳು ಕೈಯಾರೆ '100, ಫುಲ್' ಅಂತ ಬಿಗಿದು ಹೋಗೋ ಅಭ್ಯಾಸ ಬೆಳೆಸಿಕೊಂಡರು.

ಅಪಾಯ ಇರೋದು ಇಲ್ಲೇ. ಒಂದು ತುದಿಯನ್ನ ಹಾಗೆ ಬಿಗಿದ್ರೆ ಅದು ಸಾಮಾನ್ಯವಾಗಿ ಮಾತುಕತೆಯನ್ನೇ ನಿಲ್ಲಿಸುತ್ತೆ. ಇನ್ನೊಂದು ತುದಿ ಸಿಗ್ನಲ್ ನೋಡಿ ವೇಗ ಕಂಡುಹಿಡಿಯುತ್ತೆ, ಡ್ಯೂಪ್ಲೆಕ್ಸ್ ಗೊತ್ತಾಗಲ್ಲ. ಗೊತ್ತಾಗದಿದ್ರೆ 'ಹಾಫ್' ಅನ್ನೋದೇ ಮಾನಕದ ನಿಯಮ. ಆಗ ಒಬ್ಬ ಎಡೆಬಿಡದೆ ಮಾತಾಡ್ತಾನೆ. ಇನ್ನೊಬ್ಬ ಅದನ್ನ ಡಿಕ್ಕಿ ಅಂದ್ಕೊಂಡು ವಾಕ್ಯದ ಮಧ್ಯೆ ನಿಲ್ಲಿಸ್ತಾನೆ. ಅರ್ಧಕ್ಕೆ ನಿಂತ ಫ್ರೇಮ್ ಕಸಕ್ಕೆ. ನಷ್ಟ ಕಂಡ ಟಿಸಿಪಿ, ದಾರಿಯಲ್ಲಿ ದಟ್ಟಣೆ ಇದೆ ಅಂತ ವೇಗ ಇಳಿಸುತ್ತೆ. ದಟ್ಟಣೆ ಇರೋದೇ ಇಲ್ಲ!

1999ರ ತಾಮ್ರದ ಗಿಗಾಬಿಟ್ ಮಾನಕ ಈ ಮಾತುಕತೆಯನ್ನು ಕಡ್ಡಾಯ ಮಾಡಿತು. ನಮ್ಮ ಸ್ವಿಚ್ ಅದಕ್ಕಿಂತ ಹಳೇ ತಲೆಮಾರಿನದು. ಕಂಪ್ಯೂಟರಿನಲ್ಲಿ ನೋಡಿದೆ: 100, ಹಾಫ್. 'ಲೇಟ್ ಕೊಲಿಶನ್' ಎಣಿಕೆ ಏರ್ತಾ ಇತ್ತು. ಸ್ವಿಚ್‌ನಲ್ಲಿ ಯಾರೋ ಯಾವತ್ತೋ ಬಿಗಿದ '100, ಫುಲ್', ಜೊತೆಗೆ ರಾಶಿ ಸಿಆರ್‌ಸಿ ಎರರ್‌ಗಳು. ಪೋರ್ಟನ್ನ 'ಆಟೋ'ಗೆ ತಿರುಗಿಸಿದೆ. ಕಾಲ್ ನಡೀತಿದ್ದ ಹಾಗೇ ಅಪ್‌ಲೋಡ್ ಮುಗೀತು.

ಆಮೇಲೆ ಕಸ್ಟಮರ್ ಕೇರ್‌ಗೆ ನಾಲ್ಕನೇ ಸಲ ಫೋನ್ ಮಾಡಿದೆ. ಸಾರಿ ಹೇಳೋಕೆ.