ರಾಗಿ ಸರಿ ಬಂದ ದಾರಿ

ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಗಾಳಿಸಿದ ರಾಗಿ ಹಿಟ್ಟನ್ನು ನೀರಿನಲ್ಲೋ ಹಾಲಿನಲ್ಲೋ ಕಾಯಿಸಿ ಮಗುವಿಗೆ ಕೊಡುವ ಆಹಾರಕ್ಕೆ ಹಳೆ ಮೈಸೂರು ಸೀಮೆಯಲ್ಲಿ ‘ಸರಿ’ ಎನ್ನುತ್ತಾರೆ. ಕರಾವಳಿಯಲ್ಲಿ ರಾಗಿಯನ್ನು ನೆನೆಸಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ತೆಗೆದ ಹಾಲಿಗೆ ಬೆಲ್ಲ ಸೇರಿಸಿ ಕುದಿಸಿದರೆ ಅದು ಮಣ್ಣಿ. ಜೋಳದ ಸೀಮೆಯಾದ ಉತ್ತರ ಕರ್ನಾಟಕದಲ್ಲಿ ಮೆತ್ತಗೆ ಬೇಯಿಸಿದ ನುಚ್ಚು, ಅನ್ನದ ಗಂಜಿ, ಬೇಳೆಯ ಕಟ್ಟು ಇದೇ ಕೆಲಸ ಮಾಡಿವೆ. ಎದೆಹಾಲೊಂದೇ ಸಾಲದೆ ಹೋಗುವ ಹೊತ್ತಿನಿಂದ ಮಗು ಮನೆಯವರ ತಟ್ಟೆಗೆ ಕೈ ಹಾಕುವವರೆಗೆ ಈ ಅಡುಗೆಯದೇ ಕಾರುಬಾರು. ಆದರೂ ಹಬ್ಬದಡುಗೆಗೆ ಸಿಕ್ಕಷ್ಟು ಬರಹದ ಭಾಗ್ಯ ಇದಕ್ಕೆ ಸಿಕ್ಕಿಲ್ಲ.

ಹಳೆಯ ಗ್ರಂಥಗಳಲ್ಲಿ ಸಿಗುವುದು ಹೆಚ್ಚಾಗಿ ಮೊದಲ ತುತ್ತಿನ ವಿಚಾರ. ಗೃಹ್ಯಸೂತ್ರಗಳು ಅನ್ನಪ್ರಾಶನವನ್ನು ಆರನೆಯ ತಿಂಗಳಿಗೆ ಇಡುತ್ತವೆ. ಆಶ್ವಲಾಯನ ಗೃಹ್ಯಸೂತ್ರದ ಪಟ್ಟಿ ಇಂದು ಈ ಶಾಸ್ತ್ರ ಮಾಡಿಸುವ ಎಷ್ಟೋ ಮನೆಗಳಲ್ಲಿ ಗಲಿಬಿಲಿ ಎಬ್ಬಿಸೀತು: ಮಗುವಿಗೆ ಪುಷ್ಟಿ ಬಯಸುವವರು ಆಡಿನ ಮಾಂಸ, ಬ್ರಹ್ಮವರ್ಚಸ್ಸು ಬಯಸುವವರು ಕವುಜುಗದ ಮಾಂಸ, ತೇಜಸ್ಸು ಬಯಸುವವರು ತುಪ್ಪದನ್ನ ತಿನ್ನಿಸಬೇಕು ಎನ್ನುತ್ತದೆ ಅದು. ಮೊಸರು, ಜೇನು, ತುಪ್ಪ ಬೆರೆಸಿದ ಅನ್ನವನ್ನೂ ಹೇಳುತ್ತದೆ. ಕಾಲ ಕಳೆದಂತೆ ಮಾಂಸ ಪಟ್ಟಿಯಿಂದ ಜಾರಿ ಅನ್ನ ಮಾತ್ರ ಉಳಿಯಿತು. ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಾಗಲಿ ಕೇರಳದ ಗುರುವಾಯೂರಿನಲ್ಲಾಗಲಿ ಮಗುವಿನ ಬಾಯಿಗೆ ಇಂದು ಮುಟ್ಟಿಸುವುದು ಅದನ್ನೇ.

ವೈದ್ಯಗ್ರಂಥಗಳು ಇನ್ನಷ್ಟು ಲೆಕ್ಕಾಚಾರದವು. ಸುಶ್ರುತ ಆರನೆಯ ತಿಂಗಳಲ್ಲಿ ಹಗುರವೂ ಹಿತವೂ ಆದ ಅನ್ನ ಕೊಡಿ ಎಂದರೆ, ಮಕ್ಕಳ ಚಿಕಿತ್ಸೆಗೇ ಮೀಸಲಾದ ಕಾಶ್ಯಪ ಸಂಹಿತೆ ಆರಕ್ಕೆ ಹಣ್ಣು, ಹತ್ತಕ್ಕೆ ಧಾನ್ಯ ಎಂದು ಎರಡು ಮೆಟ್ಟಿಲು ಮಾಡುತ್ತದೆ. ವಾಗ್ಭಟನ ಅಷ್ಟಾಂಗ ಹೃದಯದಲ್ಲಿ ಎದೆಹಾಲು ಬಿಟ್ಟ ಮಗುವಿಗೆಂದೇ ಒಂದು ಉಂಡೆಯ ವಿಧಾನವಿದೆ: ಚಾರೋಳಿ, ಜೇಷ್ಠಮಧು, ಅರಳು, ಜೇನು, ಕಲ್ಲುಸಕ್ಕರೆ. ಬೊಟುಲಿಸಂ ಎಂಬ ವಿಷಬಾಧೆಯ ಭಯದಿಂದ ಒಂದು ವರ್ಷ ತುಂಬುವ ಮೊದಲು ಜೇನು ಬೇಡವೆನ್ನುವ ಇಂದಿನ ವೈದ್ಯರು ಇದನ್ನು ಒಪ್ಪಲಾರರು. ಮಗು ಸೊರಗುವುದಕ್ಕೆ ಊಟದ ಕೊರತೆಯೇ ಕಾರಣ ಎಂಬ ಮಾತು ಎಲ್ಲರಿಗೂ ಹೊಳೆದಿರಲಿಲ್ಲ; ಮಕ್ಕಳನ್ನು ಹಿಡಿಯುವ ದುಷ್ಟ ಗ್ರಹಗಳನ್ನು ದೂರುವುದೂ ಇತ್ತು. ಸುಮಾರು 1200ರ ಕನ್ನಡದ ವೈದ್ಯಗ್ರಂಥಕ್ಕೆ ದೇವೇಂದ್ರಮುನಿ ಇಟ್ಟ ಹೆಸರೇ ‘ಬಾಲಗ್ರಹ ಚಿಕಿತ್ಸೆ’.

ಮೇಲಿನ ಪಟ್ಟಿಗಳಲ್ಲಿ ರಾಗಿಗೆ ಜಾಗವಿಲ್ಲ. ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ ಹುಟ್ಟಿ, ಬಹು ಹಿಂದೆಯೇ ದಕ್ಷಿಣ ಭಾರತಕ್ಕೆ ಬಂದು, ಮಳೆ ಕಡಿಮೆಯಿರುವ ಕೆಂಪು ಮಣ್ಣಿನ ಹೊಲಗಳಲ್ಲಿ ಬೇರೂರಿದ ಧಾನ್ಯ ಅದು. ಹದಿನಾರನೆಯ ಶತಮಾನದ ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ವಾದ ಬಿದ್ದು, ರಾಮನ ಮುಂದೆ ಗೆಲ್ಲುವುದು ರಾಗಿ. ಆ ಗೆಲುವಿನ ಹಿಂದಿರುವುದು ಕೆಡದೆ ಉಳಿಯುವ ಗುಣ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಕೂಡ ರಾಗಿಯನ್ನು ಬೆದ್ದಲಿನ ಮುಖ್ಯ ಬೆಳೆಯೆಂದೂ ಬಡವರ ನಿತ್ಯದ ಊಟವೆಂದೂ ಗುರುತಿಸಿದ್ದಾನೆ. ಹಗೇವಿನಲ್ಲಿ ವರ್ಷಗಟ್ಟಲೆ ಹಾಳಾಗದ ಕಾಳು ಬರಗಾಲದಲ್ಲೂ ಮನೆಯಲ್ಲಿರುತ್ತದೆ. ಮಗುವಿನ ಪಾಲು ಅದರಿಂದಲೇ ಬರಬೇಕು. ಶಾಸ್ತ್ರದ ದಿನ ಅನ್ನ, ಮಾರನೆಯ ದಿನದಿಂದ ರಾಗಿ: ಎಷ್ಟೋ ಮನೆಗಳ ರೂಢಿ ಇದ್ದದ್ದು ಹೀಗೆ.

ಸರಿಹಿಟ್ಟು ಮಾಡುವುದು ಒಂದು ದಿನದ ಕೆಲಸವಲ್ಲ. ಕಲ್ಲು ಮಣ್ಣು ಹೋಗುವಂತೆ ರಾಗಿಯನ್ನು ಗಾಲಿಸಿ, ಹಲವು ನೀರಿನಲ್ಲಿ ತೊಳೆದು, ರಾತ್ರಿಯಿಡೀ ನೆನೆಹಾಕಬೇಕು. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿದರೆ ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಇಣುಕುತ್ತದೆ. ಅದನ್ನು ಒಣಹಾಕಿ, ಕೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿದು ಬೀಸುವ ಕಲ್ಲಿಗೆ ಹಾಕುತ್ತಿದ್ದರು. ಕೊನೆಗೆ ಪಾತ್ರೆಯ ಬಾಯಿಗೆ ಹಳೆಯ ಪಂಚೆಯ ತುಂಡು ಬಿಗಿದು, ಹಿಟ್ಟನ್ನು ಅದರ ಮೇಲೆ ಸುರಿದು ಕೈಯಾಡಿಸಿದರೆ ನುಣ್ಣನೆಯ ಪುಡಿ ಕೆಳಗಿಳಿಯುತ್ತದೆ. ಕೆಲವರು ಹೆಸರುಬೇಳೆಯನ್ನೋ ಹುರಿಗಡಲೆಯನ್ನೋ ಬಾದಾಮಿಯನ್ನೋ ಸೇರಿಸುತ್ತಾರೆ. ಹೆತ್ತವಳು ತವರಿನಿಂದ ಗಂಡನ ಮನೆಗೆ ಹೊರಡುವಾಗ ಗಂಟಿನಲ್ಲಿ ಈ ಪುಡಿಯ ಡಬ್ಬಿಯೂ ಇರುತ್ತಿತ್ತು.

ಇಷ್ಟೆಲ್ಲ ಪಾಡು ಏಕೆ, ಸುಮ್ಮನೆ ರಾಗಿ ಹಿಟ್ಟನ್ನೇ ಕಾಯಿಸಬಾರದೆ? ಉತ್ತರ ಮಗುವಿನ ಹೊಟ್ಟೆಯ ಅಳತೆಯಲ್ಲಿದೆ. ಎಂಟು ತಿಂಗಳ ಕೂಸಿನ ಹೊಟ್ಟೆಯಲ್ಲಿ ಒಮ್ಮೆಗೆ 200 ಮಿಲಿಲೀಟರಿಗಿಂತ ತುಸು ಹೆಚ್ಚು ಹಿಡಿದೀತು, ಅಷ್ಟೆ. ಹಿಟ್ಟಿನ ಪಿಷ್ಟ ಬಿಸಿನೀರಿನಲ್ಲಿ ಉಬ್ಬಿ ಅಂಟಾಗುವುದರಿಂದ ಸ್ವಲ್ಪ ಹಿಟ್ಟಿಗೇ ಪಾತ್ರೆ ಗಟ್ಟಿಯಾಗುತ್ತದೆ. ಮಗು ನುಂಗಲೆಂದು ನೀರು ಬೆರೆಸಿದರೆ ಹೊಟ್ಟೆ ತುಂಬುವುದು ನೀರಿನಿಂದ. ಕಾಳು ಮೊಳೆಯುವಾಗ ಅದರೊಳಗೆ ಹೆಚ್ಚುವ ಅಮೈಲೇಸ್ ಎಂಬ ಕಿಣ್ವ ಪಿಷ್ಟದ ಉದ್ದ ಸರಪಳಿಯನ್ನು ತುಂಡರಿಸುತ್ತದೆ. ಆಗ ಹಿಟ್ಟು ಹೆಚ್ಚು ಹಾಕಿದರೂ ಸರಿ ತೆಳ್ಳಗೇ ಉಳಿದು, ತುಸು ಸಿಹಿಯೂ ಆಗುತ್ತದೆ. ಮಗುವಿಗೆ ಕುಡಿಸುವ ಕಿರುಮೂತಿಯ ಪಾತ್ರೆಯಾದ ಒಳಲೆ ಒಂದರಲ್ಲೇ ಹೆಚ್ಚು ಕಸುವು.

ಯುರೋಪಿನಲ್ಲಿ ಇದೇ ಉಪಾಯ ಹೊಳೆದದ್ದು ರಸಾಯನಶಾಸ್ತ್ರಜ್ಞನೊಬ್ಬನಿಗೆ. 1860ರ ದಶಕದಲ್ಲಿ ಜರ್ಮನಿಯ ಯುಸ್ಟುಸ್ ಫಾನ್ ಲೀಬಿಗ್ ಗೋಧಿ ಹಿಟ್ಟು, ಮೊಳೆತ ಬಾರ್ಲಿಯ ಹಿಟ್ಟು, ಹಾಲು ಮತ್ತು ಸ್ವಲ್ಪ ಕ್ಷಾರ ಕೂಡಿಸಿ ಕೂಸುಗಳ ಆಹಾರ ರೂಪಿಸಿದ. ಸ್ವಿಟ್ಜರ್ಲೆಂಡಿನ ವೆವೆಯಲ್ಲಿ ಹೆನ್ರಿ ನೆಸ್ಲೆಯ ಹಾಲುಹಿಟ್ಟು ಬಂದದ್ದು 1867ರಲ್ಲಿ, ಅಮೆರಿಕದಲ್ಲಿ ಹಾರ್ಲಿಕ್ಸ್ ಸೋದರರ ವ್ಯಾಪಾರ ಶುರುವಾದದ್ದು 1873ರಲ್ಲಿ. ಕನ್ನಡದ ಮನೆಗಳಲ್ಲಿ ಬಳಕೆಯಲ್ಲಿರುವ ‘ರಾಗಿ ಮಾಲ್ಟ್’ ಎಂಬ ಹೆಸರಿನ ‘ಮಾಲ್ಟ್’ ಮೊಳೆತ ಬಾರ್ಲಿಯ ಆ ಲೋಕದಿಂದ ಬಂದ ಮಾತು. ಹಾಗೆ ಕರೆಸಿಕೊಳ್ಳುವ ಪೊಟ್ಟಣಗಳಲ್ಲಿ ಮೊಳಕೆಯನ್ನೇ ಕಾಣದ ಹಿಟ್ಟೂ ಇರುತ್ತದೆನ್ನುವುದು ಬೇರೆ ಮಾತು.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಪಂಡಿತರ ಚಿಂತೆ ಸುತ್ತುತ್ತಿದ್ದದ್ದು ಪ್ರೋಟೀನಿನ ಸುತ್ತ. ಆಫ್ರಿಕಾದ ಗೋಲ್ಡ್ ಕೋಸ್ಟಿನಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್ 1930ರ ದಶಕದಲ್ಲಿ ‘ಕ್ವಾಶಿಯೋರ್ಕರ್’ ಬಗ್ಗೆ ಬರೆದಿದ್ದರು. ಇನ್ನೊಂದು ಮಗು ಹುಟ್ಟಿ ಎದೆಹಾಲು ತಪ್ಪಿದ ಮಗುವಿಗೆ ಬರುವ, ಮೈಯೂದಿಸುವ ಕಾಯಿಲೆ ಅದು. ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಲ್ಲಿ ಬಾಗಿಲು ತೆರೆದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ, ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು 75 ಪಾಲು, ಕಡಲೆಹಿಟ್ಟು 25 ಪಾಲು ಬೆರೆಸಿ ಜೀವಸತ್ವ ಸೇರಿಸಿದ ಬಹೂಪಯೋಗಿ ಆಹಾರವನ್ನು ತಯಾರಿಸಿತು. ಎಮ್ಮೆ ಹಾಲಿನಿಂದ ಶಿಶು ಆಹಾರದ ಪುಡಿ ಮಾಡುವ ವಿಧಾನವೂ ಅಲ್ಲಿಯದೇ. ಎಮ್ಮೆ ಹಾಲಿನಲ್ಲಿ ಕೊಬ್ಬೂ ಕೇಸೀನೂ ಹೆಚ್ಚು, ಕೂಸಿನ ಹೊಟ್ಟೆಯಲ್ಲಿ ಅದು ಗಟ್ಟಿ ಗಡ್ಡೆಯಾಗುತ್ತದೆ, ಆದ್ದರಿಂದ ಈ ಕೆಲಸಕ್ಕೆ ಒಗ್ಗದು ಎಂಬ ನಂಬಿಕೆ ಆಗ ಬಲವಾಗಿತ್ತು. ಮೈಸೂರಿನ ವಿಧಾನ ಗುಜರಾತಿನ ಆನಂದಕ್ಕೆ ಹೋಗಿ ಅಮುಲ್ ಬೇಬಿ ಫುಡ್ ಆಯಿತು.

ಹೈದರಾಬಾದಿನ ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಮೊದಲಾದವರು ಬೇರೆ ಲೆಕ್ಕ ತೆಗೆದರು: ಬಡ ಮನೆಯ ಮಗುವಿಗೆ ಮೊದಲು ಕಡಿಮೆ ಬೀಳುವುದು ಪ್ರೋಟೀನಲ್ಲ, ಒಟ್ಟು ಊಟವೇ, ಮನೆಯ ಧಾನ್ಯ, ಬೇಳೆಯನ್ನೇ ಹೊಟ್ಟೆತುಂಬ ತಿಂದರೆ ಪ್ರೋಟೀನೂ ಸಾಕಷ್ಟು ಸಿಗುತ್ತದೆ. ಅಲ್ಲಿಗೆ ಪ್ರಶ್ನೆ, ಪುಟ್ಟ ಹೊಟ್ಟೆಗೆ ಹೆಚ್ಚು ಊಟ ಹಿಡಿಸುವುದು ಹೇಗೆ ಎಂದಾಯಿತು. ಮೊಳಕೆ ರಾಗಿ ಪ್ರಯೋಗಾಲಯದ ಮೇಜಿಗೆ ಬಂದದ್ದು ಈ ಹಂತದಲ್ಲಿ. 1982ರಲ್ಲಿ ಸಿಎಫ್‌ಟಿಆರ್‌ಐನ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಮೊಳೆತ ರಾಗಿ ಮತ್ತು ಹೆಸರುಕಾಳಿನಿಂದ, ಕಾಯಿಸಿದಾಗ ಗಟ್ಟಿಯಾಗದ ಶಿಶು ಆಹಾರದ ವಿಧಾನವನ್ನು ಪ್ರಕಟಿಸಿದರು. ಬರೋಡಾದಲ್ಲಿ ತಾರಾ ಗೋಪಾಲ್‌ದಾಸ್, ಮೊಳೆತ ಧಾನ್ಯದ ಹಿಟ್ಟನ್ನು ಸ್ವಲ್ಪವೇ ಬೆರೆಸಿದರೂ ಗಟ್ಟಿ ಗಂಜಿ ತೆಳ್ಳಗಾಗುತ್ತದೆಂದು ತೋರಿಸಿದರು. ಅಜ್ಜಿಯರ ಕೈಗೆ ಗೊತ್ತಿದ್ದದ್ದಕ್ಕೆ ಈಗ ಅಳತೆ ಸಿಕ್ಕಿತು.

ಹಾಗೆಂದು ಹಳೆಯ ಸರಿಯಲ್ಲಿ ಎಲ್ಲವೂ ಸರಿಯಿರಲಿಲ್ಲ. 100 ಗ್ರಾಂ ಇಡೀ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶವಿರುತ್ತದೆ, ಅಕ್ಕಿಯದಕ್ಕಿಂತ ಎಷ್ಟೋ ಪಟ್ಟು. ಆದರೆ ಅದು ಹೆಚ್ಚಾಗಿ ಕೂಡಿರುವುದು ಹೊಟ್ಟಿನಲ್ಲಿ, ಬಟ್ಟೆಯ ಮೇಲೆ ಉಳಿದು ತೌಡಿನ ಪಾಲಾಗುತ್ತಿದ್ದದ್ದೂ ಅದೇ. ನುಣುಪಿಗೆ ತೆತ್ತ ಬೆಲೆ ಇದು. ಎಷ್ಟೋ ಮನೆಗಳಲ್ಲಿ ಮೂರನೆಯ ತಿಂಗಳಿಗೇ ಸರಿ ಶುರುವಾಗುತ್ತಿತ್ತು. ಕಾಯಿಸದ ನೀರು, ಬೆಳಗ್ಗೆ ಮಾಡಿ ಸಂಜೆಗಿಟ್ಟ ಸರಿ ಭೇದಿಗೆ ದಾರಿಯಾಗುತ್ತಿದ್ದವು. ಉಣಿಸುವ ಕ್ರಮವೂ ಸೌಮ್ಯವಲ್ಲ. ಚಾಚಿದ ಕಾಲ ಮೇಲೆ ಮಗುವನ್ನು ಅಂಗಾತ ಮಲಗಿಸಿ, ಕೈ ಹಿಡಿದು, ಅಳುವಾಗ ತೆರೆದ ಬಾಯಿಗೆ ಒಳಲೆಯಿಂದ ಸುರಿಯುವುದು. ಹೀಗೆ ಸುರಿದದ್ದು ಉಸಿರುನಾಳಕ್ಕೆ ಹೋಗುವ ಅಪಾಯ ಇದ್ದೇ ಇತ್ತು.

ಡಬ್ಬಿ ಆಹಾರದ ವ್ಯಾಪಾರ ಬೆಳೆದಂತೆ ಕಾನೂನೂ ಬಂತು. 1981ರಲ್ಲಿ ವಿಶ್ವ ಆರೋಗ್ಯ ಸಭೆ ಎದೆಹಾಲಿನ ಬದಲಿಗಳ ಮಾರಾಟಕ್ಕೆ ಸಂಹಿತೆಯೊಂದನ್ನು ಒಪ್ಪಿತು. ಭಾರತದ ಕಾಯ್ದೆ 1992ರದು, 2003ರಲ್ಲಿ ಅದನ್ನು ಬಿಗಿಗೊಳಿಸಲಾಯಿತು. ಎರಡು ವರ್ಷದವರೆಗಿನ ಮಕ್ಕಳ ಡಬ್ಬಿ ಆಹಾರಕ್ಕೆ ಜಾಹೀರಾತು ನಿಂತದ್ದು ಹೀಗೆ. ಎದೆಹಾಲು ಮಾತ್ರ ಎಂಬ ಅವಧಿಯನ್ನು 2001ರಲ್ಲಿ ನಾಲ್ಕರಿಂದ ಆರು ತಿಂಗಳೆಂಬ ಹಳೆಯ ಅಸ್ಪಷ್ಟತೆ ಬಿಟ್ಟು ಪೂರ್ತಿ ಆರು ತಿಂಗಳಿಗೆ ನಿಲ್ಲಿಸಲಾಯಿತು.

ಸರ್ಕಾರ ಮಗುವಿನ ಬಟ್ಟಲಿಗೆ ನೇರವಾಗಿ ಕೈಹಾಕಿದ್ದು ಅಂಗನವಾಡಿಯ ಮೂಲಕ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಆರು ತಿಂಗಳಿಂದ ಮೂರು ವರ್ಷದವರಿಗೆ ಮನೆಗೊಯ್ಯುವ ಪುಡಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ ಅಲ್ಲೇ ಊಟ. ಈ ಯೋಜನೆಯ ಆಹಾರ ಪೂರೈಕೆಯಲ್ಲಿ ಗುತ್ತಿಗೆದಾರರು ಬೇಡವೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತು. ಕರ್ನಾಟಕದಲ್ಲಿ ಧಾನ್ಯ, ಬೇಳೆ, ಬೆಲ್ಲ ಸೇರಿದ ‘ಪುಷ್ಟಿ’ ಪುಡಿಯನ್ನು ಮಹಿಳೆಯರೇ ನಡೆಸುವ ಕೇಂದ್ರಗಳಲ್ಲಿ ತಯಾರಿಸಿ ಹಂಚುವ ಏರ್ಪಾಟಾಯಿತು.

ಒಳಲೆಯ ಕಾಲ ಮುಗಿಯುತ್ತ ಬಂದದ್ದರಿಂದ ಸರಿಯ ಹದವೂ ಬದಲಾಗಿದೆ. ಕಿರುಮೂತಿಯ ಆ ಕಂಚಿನ ಅಥವಾ ಬೆಳ್ಳಿಯ ಪಾತ್ರೆಯಿಂದ ಹರಿಯಬೇಕಾದರೆ ಸರಿ ನೀರಾಗಿರಲೇಬೇಕಿತ್ತು. ಈಗ ವೈದ್ಯರೂ ಅಂಗನವಾಡಿ ಕಾರ್ಯಕರ್ತೆಯರೂ ಹೇಳುವುದು ಬಟ್ಟಲು, ಚಮಚ; ಮಗುವನ್ನು ಕೂರಿಸಿ, ಚಮಚ ಓರೆ ಮಾಡಿದರೂ ಹರಿದುಬೀಳದಷ್ಟು ಗಟ್ಟಿಯಾದದ್ದನ್ನು ಉಣಿಸಿ ಎಂದು. ರಾಗಿಯ ಜೊತೆಗೆ ಬೇಳೆ, ಸೊಪ್ಪು, ಹಣ್ಣು, ತಿನ್ನುವವರಾದರೆ ಮೊಟ್ಟೆ, ಮೀನು, ಮಾಂಸ ಎಂದೂ ಸೇರಿಸುತ್ತಾರೆ. ಬೆಳ್ಳಿ ಒಳಲೆ ಇಂದೂ ಅಂಗಡಿಗಳಲ್ಲಿ ಸಿಗುತ್ತದೆ, ನಾಮಕರಣಕ್ಕೆ ಉಡುಗೊರೆಯಾಗಿ ಬರುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು ಬೀರುವಿನಲ್ಲೇ ಉಳಿಯುತ್ತದೆ.