ಉಗರಗೋಳದ ಗುಡ್ಡದಲ್ಲಿ ರೇಣುಕೆಯ ಕಥೆ

ಸವದತ್ತಿಯ ಸಮೀಪದ ಉಗರಗೋಳದ ಎಲ್ಲಮ್ಮನ ಗುಡ್ಡದಲ್ಲಿ ಪೂಜೆಗೊಳ್ಳುವ ದೇವಿಯನ್ನು ಜನರು ರೇಣುಕೆಯೆಂದೇ ನಂಬುತ್ತಾರೆ. ಮಗನ ಕೊಡಲಿಗೆ ಬಲಿಯಾದ ತಾಯಿ ಆಕೆ. ಈ ದುರಂತದ ಪ್ರಾಚೀನ ರೂಪಕ್ಕೂ ಗುಡ್ಡದ ಸಂಪ್ರದಾಯಕ್ಕೂ ಇರುವ ಭೇದವು ಅಭ್ಯಾಸಿಗಳ ಗಮನಕ್ಕೆ ಬರಬೇಕಾದುದು.

ಮಹಾಭಾರತದ ವನಪರ್ವದಲ್ಲಿ ರೇಣುಕೆ ಪ್ರಸೇನಜಿತ್ ರಾಜನ ಮಗಳು, ಜಮದಗ್ನಿಯ ಪತ್ನಿ. ಸ್ನಾನಕ್ಕೆ ಹೋದಾಗ, ಜಲಕ್ರೀಡೆಯಲ್ಲಿದ್ದ ಚಿತ್ರರಥನನ್ನು ಕಂಡು ಅವಳ ಮನಸ್ಸು ಕ್ಷಣಕಾಲ ಚಲಿಸಿತು. ಅವಳ ಅಪರಾಧವೆಲ್ಲ ಇಷ್ಟೇ. ಋಷಿಯ ಆಜ್ಞೆಯನ್ನು ನಾಲ್ವರು ಹಿರಿಯ ಮಕ್ಕಳು ಪಾಲಿಸದೆ ಶಾಪಗ್ರಸ್ತರಾದರು, ಪರಶುರಾಮನು ಪಾಲಿಸಿದನು. ಪ್ರಸನ್ನನಾದ ತಂದೆಯಿಂದ ಅವನು ಬೇಡಿದ ವರಗಳಲ್ಲಿ ತಾಯಿ ಮತ್ತೆ ಬದುಕಬೇಕೆಂಬುದೊಂದು. ತನ್ನ ವಧೆಯ ನೆನಪು ಅವಳಿಗಿರಬಾರದೆಂಬುದು ಇನ್ನೊಂದು. ಕವಿಯು ಅವಳಿಗೆ ಮರೆವನ್ನು ಕರುಣಿಸಿ ಮುಂದೆ ಸಾಗುತ್ತಾನೆ. ಬಳಿಕದ ಕಥೆಯೆಲ್ಲ ಮಗನ ಪರಾಕ್ರಮದ್ದು.

ಗುಡ್ಡದ ಕಥೆ ಹಾಗಲ್ಲ. ಇಲ್ಲಿ ರೇಣುಕೆ ಮಲಪ್ರಭೆಯ ಮರಳಿನಿಂದಲೇ ಕೊಡವನ್ನು ಮಾಡಿ, ಹಾವನ್ನು ಸಿಂಬೆಯಾಗಿ ಸುತ್ತಿ ನೀರು ತರುವವಳು. ಮನಸ್ಸು ಕದಡಿದ ದಿನ ಕೊಡ ನಿಲ್ಲಲಿಲ್ಲ. ಶಾಪದಿಂದ ಮೈಯೆಲ್ಲ ರೋಗವಾಗಿ ಅಲೆದ ಅವಳಿಗೆ ಆಸರೆಯಾದವರು ಎಕ್ಕಯ್ಯ, ಜೋಗಯ್ಯರೆಂಬ ಸಾಧುಗಳು. ಜೋಗತಿಯರ ಚೌಡಿಕೆಯ ಪದಗಳು ವರ್ಣಿಸುವುದು ಈ ಅಲೆದಾಟದ ಸಂಕಟವನ್ನು. ವ್ಯಾಸಭಾರತದಲ್ಲಿ ಇದಕ್ಕೆ ಎಡೆಯೇ ಇಲ್ಲ.

ಇನ್ನೊಂದು ಮಾತು. ಜಮದಗ್ನಿಯ ಹೋಮಧೇನುವಿನ ಕರುವನ್ನು ಅಪಹರಿಸಿದವನು ಕಾರ್ತವೀರ್ಯ. ಋಷಿಯನ್ನು ಕೊಂದವರು ಅವನ ಮಕ್ಕಳು. ಸುಗಂಧವರ್ತಿಯನ್ನು, ಎಂದರೆ ಇಂದಿನ ಸವದತ್ತಿಯನ್ನು, ರಾಜಧಾನಿಯಾಗಿ ಹೊಂದಿದ್ದ ರಟ್ಟರಲ್ಲಿಯೂ ಕಾರ್ತವೀರ್ಯನೆಂಬ ಹೆಸರಿನ ನಾಲ್ವರು ಅರಸರುಂಟು. ಈ ಸಾಮ್ಯದ ಮೇಲೆ ಪುರಾಣದ ವೈರವನ್ನು ಇಲ್ಲಿಯ ಇತಿಹಾಸವೆಂದು ಸಾಧಿಸಲು ಮನಸ್ಸಾಗುವುದು ಸಹಜವಾದರೂ ಅದು ಸಲ್ಲದು. ಹೆಸರಿನಿಂದ ತಿಳಿಯುವುದು ಇಷ್ಟೆ: ರಟ್ಟರ ಅರಮನೆಗೆ ಕಾರ್ತವೀರ್ಯನು ಖಳನಾಗಿರಲಿಲ್ಲ, ಆದರ್ಶ ವೀರನಾಗಿದ್ದನು. ಗುಡ್ಡದ ಭಕ್ತರಿಗಾದರೋ ಅವನು ದೇವಿಯ ಕುಂಕುಮವನ್ನು ಅಳಿಸಿದವನು.

ಆ ವೈಧವ್ಯವನ್ನು ಗುಡ್ಡವು ಮರೆತಿಲ್ಲ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಯನ್ನು ಜನರು ರಂಡೆ ಹುಣ್ಣಿಮೆಯೆಂದೇ ಕರೆಯುವರು. ಅಂದು ಜೋಗತಿಯರು ಬಳೆ ಒಡೆದುಕೊಳ್ಳುವ ರೂಢಿ ಬೆಳೆದುಬಂದಿತು. ಭಕ್ತಿಯ ಹೆಸರಿನಲ್ಲಿ ಬಡವರ ಹೆಣ್ಣುಮಕ್ಕಳನ್ನು ದೇವಿಗೆ ಬಿಡುವ ಪದ್ಧತಿಯೂ ಇದರೊಡನೆ ಬೆಳೆಯಿತು. ಮುಂಬಯಿ ಪ್ರಾಂತದ 1934ರ ಕಾಯಿದೆಯಾಗಲಿ, ಕರ್ನಾಟಕದ 1982ರ ಕಾಯಿದೆಯಾಗಲಿ ನಿಷೇಧಿಸಿದುದು ಈ ಸಮರ್ಪಣೆಯನ್ನು. ಕಥೆಯ ರೇಣುಕೆಗೆ ಮಾಘದ ಭಾರತ ಹುಣ್ಣಿಮೆಯಂದು ಮುತ್ತೈದೆತನ ಮರಳುತ್ತದೆ. ಹಾಗೆ ಬಿಡಲ್ಪಟ್ಟ ಹುಡುಗಿಯರಿಗೆ ಮದುವೆಯೇ ಇರಲಿಲ್ಲ.