ರೇಸ್ ಟ್ರ್ಯಾಕಿಂದ ಮನೆ ಗ್ಯಾರೇಜಿಗೆ: ಡಿಸ್ಕ್ ಬ್ರೇಕ್ ಬಂದ ದಾರಿ

ಸ್ಪೋರ್ಟ್ಸ್ ಕಾರಿನ ಬ್ರೇಕ್ ಡಿಸ್ಕ್, ಪ್ಯಾಡ್ ಮನೇಲೇ ಬದಲಾಯಿಸೋ ವಿಡಿಯೋ ನೀವೂ ನೋಡಿರ್ತೀರಿ. ಚಕ್ರ ಬಿಚ್ಚು, ಕ್ಯಾಲಿಪರ್ ಸರಿಸು, ಹೊಸದು ಕೂರಿಸು. ಇಷ್ಟು ಸಲೀಸಾಗೋಕೆ ಅರ್ಧ ಶತಮಾನ ಹಿಡೀತು.

1902ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದರು. ಪ್ಯಾಡ್ ತಾಮ್ರದ್ದು, ಲೋಹಕ್ಕೆ ಲೋಹ ಉಜ್ಜಿ ಒಂದೇ ಕಿರುಚಾಟ. ಹಾಗಾಗಿ ಕಾರುಗಳಿಗೆ ಡ್ರಮ್ ಬ್ರೇಕೇ ಗತಿಯಾಯ್ತು. ಅದರ ಶತ್ರು ಬಿಸಿ. ಕಾದ ಡ್ರಮ್ ಹಿಗ್ಗಿ ಒಳಗಿನ ಶೂನಿಂದ ದೂರ ಸರಿಯುತ್ತೆ, ಪೆಡಲ್ ಒತ್ತಿದಷ್ಟೂ ಕೆಳಗೆ ಹೋಗುತ್ತೆ. ಡಿಸ್ಕ್ ಗಾಳಿಗೆ ತೆರೆದಿರೋದ್ರಿಂದ ಬೇಗ ತಣಿಯುತ್ತೆ. ಹಿಗ್ಗಿದರೂ ಪ್ಯಾಡಿನ ಕಡೆಗೇ ದಪ್ಪಗಾಗುತ್ತೆ.

ಫ್ರಾನ್ಸಿನ ಲೆ ಮಾನ್, 1953, 24 ಗಂಟೆಯ ರೇಸ್. ಸುಮಾರು 6 ಕಿ.ಮೀ. ನೇರ ರಸ್ತೆ, ಅದರ ತುದೀಲಿ ಬಿಗಿ ತಿರುವು. ಡನ್‌ಲಪ್ ಡಿಸ್ಕ್ ಹಾಕಿದ್ದ ಜಾಗ್ವಾರ್ ಸಿ-ಟೈಪ್‌ನಲ್ಲಿ ಟೋನಿ ರೋಲ್ಟ್, ಡಂಕನ್ ಹ್ಯಾಮಿಲ್ಟನ್ ಡ್ರಮ್ ಕಾರುಗಳಿಗಿಂತ ತಡವಾಗಿ ಬ್ರೇಕ್ ಒತ್ತಬಹುದಿತ್ತು. ನಾನು ಕಾಮರ್ಸ್ ಓದಿದವನು, ಲೆಕ್ಕ ಹಾಕ್ತೀನಿ: ಸುತ್ತಿಗೆ ಒಂದೇ ಸೆಕೆಂಡ್ ಉಳಿದರೂ 304 ಸುತ್ತಿಗೆ ಐದು ನಿಮಿಷ! ಗೆದ್ದರು. ಸರಾಸರಿ ವೇಗ ಗಂಟೆಗೆ 100 ಮೈಲಿ ದಾಟಿತು. ನನ್ನ ಪ್ರಕಾರ ಆ ಗೆಲುವು ಇಂಜಿನ್‌ಗಿಂತ ಬ್ರೇಕಿಂದು.

1956ರಲ್ಲಿ ಟ್ರಯಂಫ್ ಟಿಆರ್3 ಮುಂದಿನ ಚಕ್ರಗಳಿಗೂ ಡಿಸ್ಕ್ ಬಂತು. ಡ್ರಮ್ಮಿನ ಸ್ಪ್ರಿಂಗುಗಳ ಜೊತೆ ಗುದ್ದಾಡ್ತಿದ್ದ ಮಾಲೀಕರಿಗೆ ಕೆಲಸ ಹಗುರಾಯ್ತು. ಆದ್ರೆ ಆ ಕಾಲದ ಪ್ಯಾಡಲ್ಲಿ ಆಸ್ಬೆಸ್ಟಾಸ್ ಇತ್ತು. ಊದಿ ತೆಗೆದ ಧೂಳು ಶ್ವಾಸಕೋಶಕ್ಕೆ. ಬ್ರಿಟನ್ ಅದನ್ನ ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಹಳೇ ಕಾರು ಬಿಚ್ಚೋ ತಿಳಿದವರು ಈಗಲೂ ಊದಲ್ಲ, ಒದ್ದೆ ಮಾಡಿ ಒರೆಸ್ತಾರೆ.